ಮಹಿಳಾ ವಸತಿ ಕಾಲೇಜಿನಲ್ಲಿ ಸಂಜೆಯ ಉಪನ್ಯಾಸ: ತಯಾರಿಯಿಂದ ಲೆಕ್ಕ ಒಪ್ಪಿಸುವವರೆಗೆ

ಸಾಂಸ್ಕೃತಿಕ ಸಮಿತಿಗೆ ಹೊಸದಾಗಿ ಆಯ್ಕೆಯಾದ ವಿದ್ಯಾರ್ಥಿನಿಯರು ವರ್ಷ ವರ್ಷವೂ ಕೇಳುವ ಪ್ರಶ್ನೆಗಳು ಎರಡು. ಒಳ್ಳೆಯ ಮಾತುಗಾರರನ್ನು ಕರೆಸಿದರೂ ಸಭಾಂಗಣ ಯಾಕೆ ತುಂಬುವುದಿಲ್ಲ? ತುಂಬಿದ ದಿನವೂ ಕೊನೆಯಲ್ಲಿ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದ ಕೂಡಲೇ ಎಲ್ಲರೂ ಯಾಕೆ ತಲೆ ತಗ್ಗಿಸುತ್ತಾರೆ?

ಎರಡಕ್ಕೂ ಕಾರಣ ಬಹಳಷ್ಟು ಸಲ ಉಪನ್ಯಾಸದಲ್ಲಿ ಇರುವುದಿಲ್ಲ. ವಸತಿ ಕಾಲೇಜಿನ ಕೇಳುಗರು ಹೊರಗಿನಿಂದ ಬಂದು ಹೋಗುವವರಲ್ಲ, ಅಲ್ಲೇ ಉಂಡು, ಅಲ್ಲೇ ಓದಿ, ಅಲ್ಲೇ ಮಲಗುವವರು. ಸ್ನಾನದ ಸರದಿ, ಬಟ್ಟೆ ಒಗೆಯುವ ದಿನ, ಮನೆಗೆ ಫೋನ್ ಮಾಡುವ ಹೊತ್ತು, ಮೆಸ್ ಬಾಗಿಲು ಮುಚ್ಚುವ ಸಮಯ, ರಾತ್ರಿ ಹಾಜರಿ ಇವೆಲ್ಲದರ ನಡುವೆ ನಿಮ್ಮ ಕಾರ್ಯಕ್ರಮಕ್ಕೆ ಜಾಗ ಸಿಗಬೇಕು. ಭಾಷಣಕಾರರಿಗೆ ಹೊಂದುವ ದಿನ ಹುಡುಕಿ, ಹಾಸ್ಟೆಲಿನ ಗಡಿಯಾರ ನೋಡದೆ ಹೋದರೆ ಉಳಿದ ತಯಾರಿಯೆಲ್ಲ ನೀರಿನಲ್ಲಿ ಹೋಮ.

ಕೆಳಗಿನ ಕ್ರಮ 80ರಿಂದ 150 ಜನ ಸೇರುವ, ತಿಂಗಳಿಗೊಮ್ಮೆ ನಡೆಯುವ ಉಪನ್ಯಾಸವನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು. ಮೊದಲ ಸಲ ಮಾಡುವವರು 6 ವಾರ ಮುಂಚೆ ಶುರು ಮಾಡಿ. ಕೈ ಪಳಗಿದ ಮೇಲೆ 4 ವಾರ ಸಾಕು.

1. ಮೊದಲು ಹಾಸ್ಟೆಲಿನ ದಿನಚರಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ವಾರದ ಏಳು ದಿನಗಳ ಸಂಜೆ 4ರಿಂದ ರಾತ್ರಿ 10ರವರೆಗಿನ ಹೊತ್ತನ್ನು ಅರ್ಧ ಗಂಟೆಯ ಮನೆಗಳಾಗಿ ಗೆರೆ ಎಳೆಯಿರಿ. ಕೊನೆಯ ತರಗತಿ, ಪ್ರಯೋಗಾಲಯದ ತಂಡಗಳು, ಆಟದ ಹೊತ್ತು, ಓದಿನ ಹೊತ್ತು (ಎಲ್ಲರೂ ಕೊಠಡಿಯಲ್ಲೋ ಓದುವ ಕೋಣೆಯಲ್ಲೋ ಇರಬೇಕೆಂದು ಹಾಸ್ಟೆಲ್ ನಿಗದಿ ಮಾಡಿದ ಅವಧಿ), ಊಟ, ಹಾಜರಿ ಎಲ್ಲವನ್ನೂ ತುಂಬಿ. ಖಾಲಿ ಉಳಿದ ಮನೆಗಳೇ ನಿಮ್ಮ ಪಾಲಿನ ಸಮಯ.

ಉದಾಹರಣೆಗೆ, ತರಗತಿ 4:30ಕ್ಕೆ ಮುಗಿದು ಮೆಸ್ 7:30ಕ್ಕೆ ತೆರೆಯುವ ಕಡೆ 5:45ರಿಂದ 7:05 ಒಳ್ಳೆಯ ಅವಧಿ. ತರಗತಿ ಮುಗಿದ ಮೇಲೆ ಮುಖ ತೊಳೆದು ಒಂದಿಷ್ಟು ಸುಧಾರಿಸಿಕೊಳ್ಳಲು ಒಂದು ಗಂಟೆ ಸಿಗುತ್ತದೆ, ಉಪನ್ಯಾಸ ಸ್ವಲ್ಪ ಎಳೆದರೂ ಊಟ ತಪ್ಪುವುದಿಲ್ಲ. ಊಟದ ನಂತರದ ಹೊತ್ತು ಮೇಲ್ನೋಟಕ್ಕೆ ಬಿಡುವಾಗಿ ಕಂಡರೂ ನಂಬಬೇಡಿ. ಹಾಜರಿಗೆ ಹದಿನೈದು ನಿಮಿಷ ಇರುವಾಗಲೇ ಹಿಂದಿನ ಸಾಲುಗಳು ಖಾಲಿಯಾಗುತ್ತವೆ.

ವಾರದ ನಡುವಿನ ದಿನಗಳೇ ಮೇಲು. ರಜೆಯ ಹಿಂದಿನ ಸಂಜೆ ಊರಿಗೆ ಹೊರಡುವವರ ಚೀಲಗಳು ಗೇಟಿನ ಬಳಿ ಸಾಲುಗಟ್ಟಿರುತ್ತವೆ, ರಜೆ ಮುಗಿದ ದಿನ ಎಲ್ಲರಿಗೂ ಪ್ರಯಾಣದ ಆಯಾಸ. ಕಿರುಪರೀಕ್ಷೆಯ ವಾರ, ಪ್ರಾಜೆಕ್ಟ್ ಒಪ್ಪಿಸುವ ವಾರಗಳನ್ನು ಬರೀ ನಿಮ್ಮ ವಿಭಾಗದ್ದಲ್ಲ, ಎಲ್ಲ ವಿಭಾಗಗಳದ್ದೂ ಕೇಳಿ ಗುರುತು ಹಾಕಿ. ಕಲಾ ವಿಭಾಗದವರೇ ತುಂಬಿರುವ ಸಮಿತಿ ವಿಜ್ಞಾನದವರ ಪ್ರಾಯೋಗಿಕ ಪರೀಕ್ಷೆಯ ದಿನವೇ ಕಾರ್ಯಕ್ರಮ ಇಡುವುದು ತೀರಾ ಸಾಮಾನ್ಯವಾದ ಎಡವಟ್ಟು.

ಮನೆಯಿಂದ ಓಡಾಡುವ ವಿದ್ಯಾರ್ಥಿನಿಯರೂ ನಿಮ್ಮ ಕಾಲೇಜಿನಲ್ಲಿದ್ದರೆ, ನಾಲ್ಕು ಉಪನ್ಯಾಸಗಳಲ್ಲಿ ಒಂದನ್ನಾದರೂ ಅವರ ಕೊನೆಯ ಬಸ್ಸಿಗೆ ಮುಂಚೆ ಮುಗಿಯುವಂತೆ ಮಧ್ಯಾಹ್ನಕ್ಕೆ ಇಡಿ.

2. ಕೆಲಸ ಹಂಚಿ, ಹೆಸರು ಬರೆಯಿರಿ

ಆರು ಹೊಣೆಗಳಿವೆ: ಅತಿಥಿಯೊಡನೆ ಪತ್ರವ್ಯವಹಾರ, ಅನುಮತಿ ಮತ್ತು ಗೇಟು, ಸಭಾಂಗಣ ಮತ್ತು ಧ್ವನಿ, ಪ್ರಚಾರ, ವೇದಿಕೆ ಮತ್ತು ಸಮಯಪಾಲನೆ, ಹಣದ ಲೆಕ್ಕ. ಪ್ರತಿಯೊಂದಕ್ಕೂ ಒಬ್ಬಳು ಮುಖ್ಯಳು, ಒಬ್ಬಳು ಬದಲಿ. ಇಬ್ಬರೂ ಬೇರೆ ಬೇರೆ ತರಗತಿಯವರಾಗಿರಲಿ. ಒಂದೇ ತರಗತಿಯವರಾದರೆ ಇಬ್ಬರಿಗೂ ಒಂದೇ ದಿನ ಪರೀಕ್ಷೆ ಬಂದು ಹೊಣೆ ಅನಾಥವಾಗುತ್ತದೆ. ಬದಲಿ ಸ್ಥಾನಕ್ಕೆ ಮೊದಲ ವರ್ಷದವರನ್ನೇ ಹಾಕಿ. ಮುಂದಿನ ವರ್ಷದ ಸಮಿತಿ ಅಲ್ಲೇ ತಯಾರಾಗುತ್ತದೆ.

ಅತಿಥಿಯೊಡನೆ ಮಾತನಾಡುವವಳು ಮಾತ್ರ ಒಬ್ಬಳೇ ಇರಬೇಕು. ಮೂವರು ಮೂರು ಸಮಯ ಹೇಳಿ ಅತಿಥಿಯನ್ನು ಪೇಚಿಗೆ ಸಿಲುಕಿಸಿದ ಮೇಲೆ ತೇಪೆ ಹಚ್ಚುವುದು ಕಷ್ಟ.

3. ವಿಷಯ ಆರಿಸುವುದು

‘ಸಂಸ್ಕೃತಿ ಮತ್ತು ಮಹಿಳೆ’ ಎಂಬ ಶೀರ್ಷಿಕೆ ಕೊಟ್ಟರೆ ಅತಿಥಿ ಎಲ್ಲಿಂದಲೋ ಶುರುಮಾಡಿ ಎಲ್ಲೋ ಮುಗಿಸುತ್ತಾರೆ. ತಪ್ಪು ಅವರದಲ್ಲ, ಕೇಳಿದ್ದೇ ಹಾಗೆ. ವಿಷಯವನ್ನು ಒಂದು ಪ್ರಶ್ನೆಯ ರೂಪಕ್ಕೆ ಇಳಿಸಿ. ‘ಜನಪದ ಹಾಡು’ ಎನ್ನುವುದಕ್ಕಿಂತ ‘ಬೀಸುವ ಕಲ್ಲು ಹೋದ ಮೇಲೆ ಬೀಸುವ ಪದ ಎಲ್ಲಿ ಉಳಿಯಿತು?’ ಎಂದು ಕೇಳಿ. ‘ರಂಗಭೂಮಿ’ ಎನ್ನುವ ಬದಲು ‘ಸ್ತ್ರೀ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ನಟಿಯ ನಡಿಗೆಯನ್ನು ರೂಪಿಸಿದವರು ಯಾರು?’ ಎಂದು ಕೇಳಿ. ಹೀಗೆ ಕೇಳಿದರೆ ಅತಿಥಿಗೂ ತಯಾರಿ ಸುಲಭ, ಭಿತ್ತಿಪತ್ರ ಓದಿದವರಿಗೂ ಹೋಗಬೇಕೆನಿಸುತ್ತದೆ.

ಏನು ಬೇಕೆಂದು ಹಾಸ್ಟೆಲಿನವರನ್ನೇ ಕೇಳಿ. ಮೆಸ್ ಬಾಗಿಲಲ್ಲಿ ಒಂದು ಡಬ್ಬಿ, ಪಕ್ಕದಲ್ಲಿ ಚೀಟಿ, ದಾರ ಕಟ್ಟಿದ ಪೆನ್ನು ಮೂರು ದಿನ ಇದ್ದರೆ ಸಾಕು. ದಾರ ಕಟ್ಟದಿದ್ದರೆ ಪೆನ್ನು ಮೊದಲ ದಿನವೇ ಮಾಯ. ಬಂದ ಚೀಟಿಗಳಲ್ಲಿ ಅರ್ಧ ತಮಾಷೆಯದೇ ಇರುತ್ತದೆ, ಉಳಿದರ್ಧ ನಿಮಗೆ ತೋಚದೇ ಇದ್ದದ್ದು.

ವರ್ಷದ ಪಟ್ಟಿ ಮಾಡುವಾಗ ಬರೀ ಮಾತಿನ ಉಪನ್ಯಾಸಗಳನ್ನೇ ತುಂಬಬೇಡಿ. ಪ್ರಾತ್ಯಕ್ಷಿಕೆ, ಅಂದರೆ ಮಾಡಿ ತೋರಿಸುತ್ತಾ ವಿವರಿಸುವುದು, ನಡುನಡುವೆ ಬಂದರೆ ಮಾತು ಕೇಳಲು ಬೇಸರಪಡುವವರೂ ಬರುತ್ತಾರೆ. ಅದಕ್ಕೆ ಬೇಕಾದ ಏರ್ಪಾಡು ಮಾತ್ರ ಬೇರೆ. ಸಂಗೀತಕ್ಕೆ ದನಿಗೊಂದು, ಪ್ರತಿ ವಾದ್ಯಕ್ಕೊಂದು ಮೈಕ್ ಬೇಕು. ನೃತ್ಯಕ್ಕೆ ಕನಿಷ್ಠ 4 ಮೀಟರ್ ಉದ್ದ, 4 ಮೀಟರ್ ಅಗಲದ ಖಾಲಿ ನೆಲ ಬೇಕು. ಅದರ ಮೇಲೆ ಜಮಖಾನ ಹಾಸಬೇಡಿ, ಕಾಲು ಸಿಕ್ಕಿ ಜಾರುತ್ತದೆ.

ಸಿನಿಮಾ ತೋರಿಸಿ ಚರ್ಚೆ ಮಾಡುವ ಯೋಜನೆ ಇದ್ದರೆ ಒಂದು ಎಚ್ಚರಿಕೆ. ಒಬ್ಬರ ಮೊಬೈಲಿನ ಓಟಿಟಿ ಚಂದಾ ಸಾಮಾನ್ಯವಾಗಿ ವೈಯಕ್ತಿಕ ವೀಕ್ಷಣೆಗೆ ಮಾತ್ರ. ಸಭಾಂಗಣದಲ್ಲಿ ತೋರಿಸಲು ನಿರ್ಮಾಪಕರಿಂದಲೋ ವಿತರಕರಿಂದಲೋ ಪ್ರತ್ಯೇಕ ಒಪ್ಪಿಗೆ ಪಡೆಯಿರಿ. ಸ್ವತಂತ್ರ ಸಾಕ್ಷ್ಯಚಿತ್ರ ಮಾಡುವವರು ಕೇಳಿದರೆ ಕೊಡುತ್ತಾರೆ, ಕೆಲವೊಮ್ಮೆ ತಾವೇ ಬಂದು ಮಾತನಾಡುತ್ತಾರೆ.

4. ಆಹ್ವಾನ ಪತ್ರ

ಪತ್ರಕ್ಕೆ ಪ್ರಾಂಶುಪಾಲರ ಸಹಿ ಬೇಕೆಂಬ ನಿಯಮ ಇದ್ದರೆ ಇರಲಿ, ಬರೆಯುವವರು ನೀವೇ ಆಗಿರಿ. ವಿದ್ಯಾರ್ಥಿನಿಯರ ಕರೆಗೆ ದೊಡ್ಡವರು ಬರುವುದಿಲ್ಲ ಎಂಬ ಅಳುಕು ಬೇಡ. 1928ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಮತ್ತು ಗರ್ಟನ್ ಎಂಬ ಎರಡು ಮಹಿಳಾ ವಸತಿ ಕಾಲೇಜುಗಳಲ್ಲಿ ಮಾತನಾಡಿದ್ದು ಅಲ್ಲಿನ ವಿದ್ಯಾರ್ಥಿನಿ ಸಂಘಗಳ ಆಹ್ವಾನದ ಮೇಲೆಯೇ.

ಪತ್ರದಲ್ಲಿ ಇರಬೇಕಾದದ್ದು: ವಿಷಯದ ಪ್ರಶ್ನೆ, ದಿನ ಮತ್ತು ಅದಕ್ಕೆ ಪರ್ಯಾಯವಾಗಿ ಇನ್ನೊಂದು ದಿನ, ಶುರುವಾಗುವ ಮತ್ತು ಮುಗಿಯಲೇಬೇಕಾದ ಸಮಯ, ಮಾತಿಗೆ 40 ನಿಮಿಷ ಮತ್ತು ಪ್ರಶ್ನೆಗಳಿಗೆ 25 ನಿಮಿಷ ಎಂಬ ಲೆಕ್ಕ, ಕೇಳುಗರ ಅಂದಾಜು ಸಂಖ್ಯೆ, ಅವರು ಯಾವ ವಿಭಾಗದವರು, ಯಾವ ಭಾಷೆಯಲ್ಲಿ ಮಾತನಾಡಿದರೆ ಎಲ್ಲರಿಗೂ ತಿಳಿಯುತ್ತದೆ, ಪ್ರಯಾಣದ ವ್ಯವಸ್ಥೆ ಯಾರದು, ಗೌರವಧನ ಎಷ್ಟು, ಉತ್ತರ ಯಾವ ದಿನದೊಳಗೆ ಬೇಕು. ಗೌರವಧನ ಕೊಡಲು ಆಗದಿದ್ದರೆ ಮೊದಲ ಪತ್ರದಲ್ಲೇ ಹಾಗೆಂದು ಬರೆಯಿರಿ. ಹೇಳದೆ ಉಳಿಸಿಕೊಂಡು ಕೊನೆಯಲ್ಲಿ ಶಾಲು ಹೊದಿಸಿ ಕಳಿಸುವುದು ಮರ್ಯಾದೆಯಲ್ಲ. ಪ್ರಯಾಣ ವೆಚ್ಚವನ್ನಂತೂ ಅತಿಥಿಯ ತಲೆಯ ಮೇಲೆ ಹಾಕಲೇಬಾರದು.

ಒಪ್ಪಿಗೆ ಬಂದ ಮೇಲೆ ಎರಡನೆಯ ಪತ್ರದಲ್ಲಿ ನಾಲ್ಕು ವಿಷಯ ಕೇಳಿ: ಐದು ಸಾಲಿನ ಪರಿಚಯ (ಅವರ ಮಾತಿನಲ್ಲೇ), ಹೆಸರಿನ ಸರಿಯಾದ ಉಚ್ಚಾರ, ಪರದೆ, ಮೈಕ್, ಮೆಟ್ಟಿಲು, ಊಟದ ವಿಚಾರದಲ್ಲಿ ವಿಶೇಷ ಅಗತ್ಯಗಳಿವೆಯೇ ಎಂಬುದು, ಮತ್ತು ಧ್ವನಿಮುದ್ರಣಕ್ಕೆ ಅವರ ಲಿಖಿತ ಒಪ್ಪಿಗೆ. ಒಪ್ಪಿಗೆ ಇಲ್ಲದೆ ಮುದ್ರಿಸಬೇಡಿ. ಮುದ್ರಣ ಆಗುತ್ತಿದೆ ಎಂದು ಗೊತ್ತಾದರೆ ಕೆಲವರು ಬಿಚ್ಚು ಮನಸ್ಸಿನಿಂದ ಮಾತನಾಡುವುದಿಲ್ಲ, ಅದನ್ನೂ ತೂಗಿ ನೋಡಿ.

5. ಅನುಮತಿ, ಗೇಟು, ಅತಿಥಿ ಸತ್ಕಾರ

ವಾರ್ಡನ್ ಅವರಿಗೆ ಬಾಯಿಮಾತಿನಲ್ಲಿ ಹೇಳಿ ಬರುವುದು ಅನುಮತಿಯಲ್ಲ. ಒಂದು ಪುಟದ ಮನವಿ ಬರೆದು, ಮೇಲೆ ಹೇಳಿದ ವಿವರಗಳ ಜೊತೆ ‘ಹಾಜರಿ 20 ನಿಮಿಷ ತಡವಾದರೆ ಅಡ್ಡಿಯಿಲ್ಲವೇ?’ ಎಂದು ಸ್ಪಷ್ಟವಾಗಿ ಕೇಳಿ ಸಹಿ ಪಡೆಯಿರಿ. ಅದರ ಮೂರು ಪ್ರತಿ ಮಾಡಿಸಿ, ಒಂದು ಗೇಟಿಗೆ, ಒಂದು ಮೆಸ್‌ಗೆ, ಒಂದು ನಿಮ್ಮ ಕಡತಕ್ಕೆ. ರಾತ್ರಿ ಪಾಳಿಯ ಕಾವಲುಗಾರರು ಬೇರೆಯವರಾಗಿದ್ದರೆ ಅವರಿಗೂ ಅದೇ ದಿನ ಸಂಜೆ ಇನ್ನೊಮ್ಮೆ ತಿಳಿಸಿ. ಹಗಲಿನವರಿಗೆ ಹೇಳಿದ್ದು ರಾತ್ರಿಯವರಿಗೆ ಮುಟ್ಟಿರುವುದಿಲ್ಲ.

ಗೇಟಿಗೆ ಕೊಡುವ ಚೀಟಿಯಲ್ಲಿ ಅತಿಥಿಯ ಹೆಸರು, ಜೊತೆಗೆ ಬರುವವರ ಸಂಖ್ಯೆ, ವಾಹನದ ಸಂಖ್ಯೆ, ಬರುವ ಹೊತ್ತು, ಎದುರುಗೊಳ್ಳುವವಳ ಹೆಸರು ಇರಲಿ. ಆಹ್ವಾನಿಸಿದ ಹಿರಿಯರನ್ನು ಗೇಟಿನಲ್ಲಿ ನಿಲ್ಲಿಸಿ ಪುಸ್ತಕದಲ್ಲಿ ಸಹಿ ಹಾಕಿಸುತ್ತಾ ಹತ್ತು ನಿಮಿಷ ಕಳೆದರೆ ಆ ಬೇಸರ ವೇದಿಕೆಯವರೆಗೂ ಬರುತ್ತದೆ.

ಯಾರೂ ಮೊದಲೇ ಯೋಚಿಸದ ಒಂದು ವಿಷಯ: ಗಂಡಸರು ಅತಿಥಿಗಳಾಗಿ ಬಂದರೆ ಅವರಿಗೆ ಶೌಚಾಲಯ ಎಲ್ಲಿ? ಮಹಿಳಾ ವಸತಿ ಕಟ್ಟಡದಲ್ಲಿ ಅದು ಇರದೇ ಇರಬಹುದು. ಆಡಳಿತ ಕಚೇರಿಯ ಶೌಚಾಲಯದ ಬೀಗದ ಕೈಯನ್ನು ಮಧ್ಯಾಹ್ನವೇ ಪಡೆದಿಟ್ಟುಕೊಳ್ಳಿ, ಕಚೇರಿ ಐದಕ್ಕೆ ಬಾಗಿಲು ಹಾಕುತ್ತದೆ. ಸಭಾಂಗಣದ ಬಳಿಯ ಮಹಿಳೆಯರ ಶೌಚಾಲಯ ತೆರೆದಿದೆಯೇ, ನೀರು, ದೀಪ, ಕಸದ ಮುಚ್ಚುಬುಟ್ಟಿ, ಸ್ಯಾನಿಟರಿ ಪ್ಯಾಡ್ ಇವೆಯೇ ಎಂದೂ ನೋಡಿ.

ಅತಿಥಿ ಹಾಸ್ಟೆಲ್ ನೋಡಬೇಕೆಂದರೆ ಸಾಮಾನ್ಯ ಕೋಣೆ, ಗ್ರಂಥಾಲಯ, ಅಂಗಳ ತೋರಿಸಿ. ಕೊಠಡಿಗಳ ಸಾಲಿಗೆ ಕರೆದುಕೊಂಡು ಹೋಗಬೇಡಿ, ಅತಿಥಿ ಮಹಿಳೆಯೇ ಆಗಿದ್ದರೂ. ಅದು ಹುಡುಗಿಯರ ಮನೆ, ನಿಮ್ಮ ಕಾರ್ಯಕ್ರಮದ ಭಾಗವಲ್ಲ.

ಮೆಸ್‌ಗೆ ಎರಡು ದಿನ ಮುಂಚೆ ಹೇಳಿ: ಎಷ್ಟು ಜನ ತಡವಾಗಿ ಬರಬಹುದು, ಎಷ್ಟು ಹೊತ್ತು ಊಟ ಎತ್ತಿಡಬೇಕು. ‘ಹೋದರೆ ಊಟ ಸಿಗಲ್ಲ’ ಎಂಬ ಗುಮಾನಿ ಒಂದು ಸಲ ಹಬ್ಬಿತೆಂದರೆ ಮುಂದಿನ ಮೂರು ಉಪನ್ಯಾಸಗಳಿಗೆ ಜನ ಬರುವುದಿಲ್ಲ.

6. ಸುದ್ದಿ ಮುಟ್ಟಿಸುವುದು

ಕಚೇರಿಯ ಮುಂದಿನ ಸೂಚನಾ ಫಲಕವನ್ನು ಶುಲ್ಕದ ಕೊನೆಯ ದಿನಾಂಕಕ್ಕಲ್ಲದೆ ಇನ್ಯಾವುದಕ್ಕೂ ಯಾರೂ ನೋಡುವುದಿಲ್ಲ. ಭಿತ್ತಿಪತ್ರ ಅಂಟಿಸಬೇಕಾದದ್ದು ಜನ ನಿಂತು ಕಾಯುವ ಕಡೆ: ಕುಡಿಯುವ ನೀರಿನ ಫಿಲ್ಟರ್ ಮೇಲೆ, ಮೆಸ್ ಸಾಲು ನಿಲ್ಲುವ ಗೋಡೆಗೆ, ಸ್ನಾನದ ಮನೆಗಳ ಹೊರಗೆ, ಇಸ್ತ್ರಿ ಮೇಜಿನ ಪಕ್ಕ. ಒಂದು ವಾರ ಮುಂಚೆ ಒಮ್ಮೆ, ಹಿಂದಿನ ದಿನ ಮತ್ತೊಮ್ಮೆ ಬಣ್ಣ ಬದಲಿಸಿ ಹಾಕಿ.

ವಾಟ್ಸ್ಯಾಪ್ ಗುಂಪಿನ ಸಂದೇಶಕ್ಕಿಂತ ಪ್ರತಿ ಮಹಡಿಯಲ್ಲಿ ಒಬ್ಬಳು ಬಾಗಿಲು ತಟ್ಟಿ ಹೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಮೊದಲ ವರ್ಷದವರಿಗಂತೂ ‘ಬನ್ನಿ’ ಎಂದರೆ ಸಾಲದು, ‘ಐದೂವರೆಗೆ ಕೆಳಗೆ ಬಾ, ಒಟ್ಟಿಗೆ ಹೋಗೋಣ’ ಎನ್ನುವ ಒಬ್ಬ ಅಕ್ಕ ಬೇಕು. ಮನೆ ಬಿಟ್ಟು ಬಂದ ಹೊಸದರಲ್ಲಿ ತುಂಬಿದ ಸಭಾಂಗಣದೊಳಕ್ಕೆ ಒಬ್ಬಳೇ ನಡೆದು ಹೋಗುವುದು ಸಣ್ಣ ಮಾತಲ್ಲ.

ಸಾರ್ವಜನಿಕ ಜಾಲತಾಣದ ಖಾತೆಗಳಲ್ಲಿ ಹಾಸ್ಟೆಲಿನ ಹೆಸರು, ಸಭಾಂಗಣ, ಸಮಯ ಮೂರನ್ನೂ ಒಟ್ಟಿಗೆ ಮುಂಚಿತವಾಗಿ ಹಾಕಬೇಡಿ. ಹೊರಗಿನವರಿಗೆ ಪ್ರವೇಶವಿಲ್ಲದ ಕಾರ್ಯಕ್ರಮಕ್ಕೆ ಅದರ ಅಗತ್ಯವೂ ಇಲ್ಲ. ವರದಿಯನ್ನೂ ಫೋಟೊಗಳನ್ನೂ ಮುಗಿದ ಮೇಲೆ ಹಾಕಿ. ಫೋಟೊದಲ್ಲಿ ಮುಖ ಬರುವುದು ಬೇಡ ಎನ್ನುವವರಿಗೆ ಬಲಗಡೆಯ ಕೊನೆಯ ಮೂರು ಸಾಲು ಬಿಟ್ಟುಕೊಟ್ಟು, ಆ ಕಡೆ ಕ್ಯಾಮೆರಾ ತಿರುಗಿಸದಂತೆ ಛಾಯಾಗ್ರಾಹಕರಿಗೆ ಹೇಳಿ.

ಇನ್ನು ಕಡ್ಡಾಯ ಹಾಜರಿಯ ಪ್ರಶ್ನೆ. ಕಡ್ಡಾಯ ಮಾಡಿದರೆ ಕುರ್ಚಿ ತುಂಬುತ್ತದೆ, ಜೊತೆಗೆ ನೂರು ಮೊಬೈಲ್ ಪರದೆಗಳೂ ಬೆಳಗುತ್ತವೆ. ಅತಿಥಿಗೆ ಅದು ವೇದಿಕೆಯಿಂದ ಚೆನ್ನಾಗಿಯೇ ಕಾಣುತ್ತದೆ. ಆಡಳಿತ ಪಟ್ಟು ಹಿಡಿದರೆ ‘ಸೆಮಿಸ್ಟರಿನ ನಾಲ್ಕು ಉಪನ್ಯಾಸಗಳಲ್ಲಿ ಯಾವುದಾದರೂ ಎರಡಕ್ಕೆ ಬಂದರೆ ಸಾಕು’ ಎಂಬ ನಡುದಾರಿ ಸೂಚಿಸಿ. ತಾನೇ ಆರಿಸಿಕೊಂಡು ಬಂದವಳು ಕೇಳುವ ರೀತಿಯೇ ಬೇರೆ.

7. ಸಭಾಂಗಣ, ಕುರ್ಚಿ, ಧ್ವನಿ, ಪರದೆ

ಹೆಚ್ಚು ಕಾರ್ಯಕ್ರಮಗಳು ಕೆಡುವುದು ಇಲ್ಲಿಯೇ, ಅದೂ ಮೊದಲ ಐದು ನಿಮಿಷದಲ್ಲಿ.

ಕುರ್ಚಿ: 120 ಜನ ಬರುವ ಅಂದಾಜಿದ್ದರೆ 80 ಕುರ್ಚಿ ಮಾತ್ರ ಹಾಕಿ, 40ನ್ನು ಪಕ್ಕದಲ್ಲಿ ಒಂದರ ಮೇಲೊಂದು ಪೇರಿಸಿಡಿ. ಎಲ್ಲವನ್ನೂ ಹಾಕಿದರೆ ಬಂದವರು ಹಿಂದೆ ಕೂರುತ್ತಾರೆ, ಮುಂದಿನ ನಾಲ್ಕು ಸಾಲು ಬೋಳು ಬೋಳಾಗಿ ಕಾಣುತ್ತದೆ. ಜನ ಬಂದ ಹಾಗೆ ಹಿಂದೆ ಸಾಲು ಸೇರಿಸುತ್ತಾ ಹೋಗಿ. ಒಂದು ಕುರ್ಚಿಯ ಬೆನ್ನಿನಿಂದ ಹಿಂದಿನ ಕುರ್ಚಿಯ ಬೆನ್ನಿಗೆ 90 ಸೆಂಟಿಮೀಟರ್, ನಡುವಿನ ದಾರಿಗೆ 1 ಮೀಟರ್‌ಗಿಂತ ಕಡಿಮೆ ಬೇಡ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಸಾಲಿನ ತುದಿಯಲ್ಲಿ ಒಂದೊಂದು ಕುರ್ಚಿ ತೆಗೆದ ಜಾಗ ಎರಡು ಮೂರು ಕಡೆ ಇರಲಿ. ಎಲ್ಲರೂ ಗೆಳತಿಯರ ಜೊತೆ ಕೂರುವಾಗ ಅವಳೊಬ್ಬಳನ್ನೇ ಮುಂದಿನ ಮೂಲೆಗೆ ತಳ್ಳುವುದು ಸರಿಯಲ್ಲ. ಹೊಸ ಇಳಿಜಾರು ಹಾದಿ ಮಾಡಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ಅದಕ್ಕಿಂತ ಕಡಿದಾದ ಹಲಗೆ ಅಪಾಯ.

ಧ್ವನಿ: ‘ನನ್ನ ದನಿ ಜೋರಿದೆ, ಮೈಕ್ ಬೇಡ’ ಎಂದು ಅತಿಥಿ ಹೇಳಿದರೂ ಮೈಕ್ ಕೊಡಿ. ಕಿವಿ ಮಂದವಿರುವವಳು ಎದ್ದು ನಿಂತು ಹೇಳುವುದಿಲ್ಲ. ಕೈಮೈಕನ್ನು ಬಾಯಿಯಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ದೂರ ಇಮ್ಮಡಿಯಾದರೆ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದನ್ನು ಸರಿದೂಗಿಸಲು ವಾಲ್ಯೂಮ್ ಏರಿಸಿದರೆ ‘ಕುಂಯ್’ ಎಂಬ ಕೀರಲು ಶುರು. ಸ್ಪೀಕರ್ ಪೆಟ್ಟಿಗೆಯಿಂದ ಬಂದ ದನಿ ಮತ್ತೆ ಮೈಕಿಗೆ ಹೋಗಿ ಸುತ್ತು ಹೊಡೆಯುವುದರಿಂದ ಬರುವ ಸದ್ದು ಅದು, ಫೀಡ್‌ಬ್ಯಾಕ್ ಎನ್ನುತ್ತಾರೆ. ಪರಿಹಾರ ಸರಳ: ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಕೇಳುಗರ ಕಡೆ ಮುಖ ಮಾಡಿರಬೇಕು. ಮೈಕ್ ಹಿಡಿದು ಪೆಟ್ಟಿಗೆಯ ಎದುರು ಯಾರೂ ಓಡಾಡಬಾರದು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡರೆ ಕೀರಲು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

ಕಾಲರ್ ಮೈಕ್ ಬಳಸುವುದಾದರೆ ಸೆರಗು, ದುಪಟ್ಟಾ, ಉದ್ದ ಸರ ಇವುಗಳಿಂದ ದೂರ ಸಿಕ್ಕಿಸಿ. ಬಟ್ಟೆ ಸವರಿದಾಗಲೆಲ್ಲ ಸಭಾಂಗಣದಲ್ಲಿ ಗುಡುಗು ಕೇಳಿಸುತ್ತದೆ. ಅದರ ಬ್ಯಾಟರಿ ಪೆಟ್ಟಿಗೆ ಸಿಕ್ಕಿಸಲು ಜೇಬೋ ಸೊಂಟಪಟ್ಟಿಯೋ ಬೇಕು. ಮಹಿಳಾ ಅತಿಥಿಗಳ ಉಡುಪಿನಲ್ಲಿ ಅದು ಇರದಿರಬಹುದು, ಹಾಗಾದರೆ ಸ್ಟ್ಯಾಂಡ್ ಮೈಕೇ ವಾಸಿ. ಯಾವುದೇ ತಂತಿರಹಿತ ಮೈಕಿಗೂ ಆ ದಿನ ಹೊಸ ಬ್ಯಾಟರಿ ಹಾಕಿ, ಇನ್ನೊಂದು ಜೊತೆ ಕೈಯಲ್ಲಿರಲಿ. ತಂತಿಯ ಮೈಕ್ ಒಂದು ಸದಾ ಸಿದ್ಧವಿರಲಿ.

ಖಾಲಿ ಸಭಾಂಗಣದಲ್ಲಿ ಪರೀಕ್ಷೆ ಮಾಡಿದಾಗ ಪ್ರತಿಧ್ವನಿ ಹೆಚ್ಚಿರುತ್ತದೆ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳು ದನಿಯನ್ನು ಹೀರಿಕೊಳ್ಳುತ್ತವೆ, ಆಗ ಸ್ವಲ್ಪ ಏರಿಸಬೇಕಾಗುತ್ತದೆ. ಒಬ್ಬಳು ವೇದಿಕೆಯಲ್ಲಿ ದಿನಪತ್ರಿಕೆಯ ಒಂದು ಪ್ಯಾರಾ ಓದಲಿ, ಇನ್ನೊಬ್ಬಳು ಫ್ಯಾನುಗಳೆಲ್ಲ ತಿರುಗುತ್ತಿರುವಾಗ ಕೊನೆಯ ಸಾಲಿನಲ್ಲಿ ಕೂತು ಕೇಳಲಿ. ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎಂದರೆ ಏನೂ ಗೊತ್ತಾಗುವುದಿಲ್ಲ.

ಲ್ಯಾಪ್‌ಟಾಪಿನಿಂದ ಹಾಡು ಕೇಳಿಸುವಾಗ ‘ಗುಂಯ್’ ಎಂಬ ಮೊರೆತ ಬಂದರೆ ಚಾರ್ಜರ್ ತೆಗೆದು ನೋಡಿ. ಮೊರೆತ ನಿಂತರೆ ಅದು ವಿದ್ಯುತ್ತಿನ ಭೂಸಂಪರ್ಕದ ತೊಂದರೆ. ಬ್ಯಾಟರಿಯಲ್ಲೇ ನಡೆಸಿ, ಇಲ್ಲವೇ ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರನ್ನೂ ಒಂದೇ ವಿದ್ಯುತ್ ಬಿಂದುವಿನಿಂದ ಎಳೆದುಕೊಳ್ಳಿ.

ಪರದೆ: ಕೊನೆಯ ಸಾಲು ಪರದೆಯ ಮೇಲಿನ ಚಿತ್ರದ ಎತ್ತರದ 6 ಪಟ್ಟಿಗಿಂತ ದೂರ ಇರಬಾರದು. ಚಿತ್ರ 1.5 ಮೀಟರ್ ಎತ್ತರವಿದ್ದರೆ 9 ಮೀಟರ್. ಅದರಾಚೆ ಅಕ್ಷರ ಓದಲು ಕಷ್ಟ. ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದು ಬೇಡವೆಂದು ಅತಿಥಿಗೆ ಮೊದಲೇ ತಿಳಿಸಿ. ಕನ್ನಡದಲ್ಲಿ ಒತ್ತಕ್ಷರ, ಕೊಂಬುಗಳಿರುವುದರಿಂದ 28 ಇದ್ದರೆ ಇನ್ನೂ ಒಳ್ಳೆಯದು.

ಕನ್ನಡದ ಸ್ಲೈಡುಗಳಿಗೆ ಅಂಟಿಕೊಂಡ ಒಂದು ಕಾಟವಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ತಯಾರಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಗುರುತುಗಳು ಬರುತ್ತವೆ. ಎರಡು ದಿನ ಮುಂಚೆಯೇ ಕಡತ ತರಿಸಿಕೊಂಡು, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕೇಳಿ. ಪಿಡಿಎಫ್‌ನೊಳಗೆ ಸಾಮಾನ್ಯವಾಗಿ ಫಾಂಟೂ ಸೇರಿಕೊಂಡಿರುತ್ತದೆ. ಆದರೂ ಆ ಸಭಾಂಗಣದ ಕಂಪ್ಯೂಟರಿನಲ್ಲೇ ಒಮ್ಮೆ ತೆರೆದು ಕೊನೆಯ ಪುಟದವರೆಗೆ ನೋಡಿ.

ಪರದೆ ಚೆನ್ನಾಗಿ ಕಾಣಲೆಂದು ಎಲ್ಲ ದೀಪ ಆರಿಸಬೇಡಿ. ಮಾತನಾಡುವವರ ಮುಖದ ಮೇಲೆ ಎದುರಿನಿಂದ ಒಂದು ದೀಪ ಬೀಳಲೇಬೇಕು. ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಅದು ಬೇಕು, ಉಳಿದವರಿಗೂ ನಿದ್ದೆ ಬರುವುದಿಲ್ಲ.

8. ನಿಮಿಷಗಳ ಲೆಕ್ಕ

80 ನಿಮಿಷದ ಅವಧಿ ಹೀಗೆ ಹಂಚಿ: ಸ್ವಾಗತ 2, ಪರಿಚಯ 3, ಉಪನ್ಯಾಸ 40, ಪ್ರಶ್ನೋತ್ತರ 25, ವಂದನೆ 2. ಒಟ್ಟು 72. ಉಳಿದ 8 ನಿಮಿಷ ತಡವಾಗಿ ಶುರುವಾಗುವುದಕ್ಕೆ, ವಿದ್ಯುತ್ ಹೋಗುವುದಕ್ಕೆ.

ವೇದಿಕೆಯ ಮೇಲೆ ಐದು ಕುರ್ಚಿ ಹಾಕಿದರೆ ಐದು ಜನ ಮಾತನಾಡುತ್ತಾರೆ. ಒಬ್ಬೊಬ್ಬರು ‘ಎರಡೇ ಮಾತು’ ಎಂದು ಎಂಟು ನಿಮಿಷ ತೆಗೆದುಕೊಂಡರೆ ಉಪನ್ಯಾಸ ಶುರುವಾಗುವ ಹೊತ್ತಿಗೆ ಕೇಳುಗರ ತಾಳ್ಮೆ ಮುಗಿದಿರುತ್ತದೆ. ಗಣ್ಯರಿಗೆ ಮೊದಲ ಸಾಲಿನಲ್ಲಿ ಗೌರವದ ಜಾಗ ಕೊಡಿ, ವೇದಿಕೆಯ ಮೇಲೆ ಅತಿಥಿ ಮತ್ತು ನಡೆಸಿಕೊಡುವ ವಿದ್ಯಾರ್ಥಿನಿ ಇಬ್ಬರೇ ಇರಲಿ. ಇದನ್ನು ಪ್ರಾಂಶುಪಾಲರಿಗೆ ಮುಂಚಿತವಾಗಿ ವಿನಯದಿಂದ ಹೇಳಿ ಒಪ್ಪಿಸಬೇಕು. ಆ ಹೊತ್ತಿನಲ್ಲಿ ಹೇಳಲು ಹೋದರೆ ಅವಮಾನವಾದಂತಾಗುತ್ತದೆ.

ಪರಿಚಯದಲ್ಲಿ ಪದವಿ, ಪ್ರಶಸ್ತಿಗಳ ಪಟ್ಟಿ ಓದಬೇಡಿ. ಅತಿಥಿ ಏನು ಕೆಲಸ ಮಾಡಿದ್ದಾರೆ, ಇವತ್ತಿನ ಪ್ರಶ್ನೆಗೂ ಅದಕ್ಕೂ ಏನು ಸಂಬಂಧ ಎಂಬ ಎರಡು ಮಾತು ಸಾಕು.

ಸಮಯಪಾಲಕಿ ಮುಂದಿನ ಸಾಲಿನಲ್ಲಿ ಕೂತು ‘10’, ‘5’, ‘ಮುಗಿಸಿ’ ಎಂಬ ಮೂರು ದೊಡ್ಡ ಹಾಳೆ ತೋರಿಸಬೇಕು. ಹಾಳೆ ತೋರಿಸುತ್ತೇವೆಂದು ಅತಿಥಿಗೆ ಮೊದಲೇ ಹೇಳಿರಬೇಕು.

9. ಪ್ರಶ್ನೋತ್ತರ

ಮೌನಕ್ಕೆ ಕಾರಣ ದಡ್ಡತನವಲ್ಲ. 150 ಜನರ ನಡುವೆ ಮೊದಲ ದನಿಯಾಗುವ ಹಿಂಜರಿಕೆ, ಭಾಷೆ ತಪ್ಪೀತೆಂಬ ಅಂಜಿಕೆ, ನಾಳೆ ಮೆಸ್‌ನಲ್ಲಿ ಯಾರಾದರೂ ಅಣಕಿಸಿಯಾರೆಂಬ ಭಯ. ಸಭೆ ಮುಗಿದ ಮೇಲೆ ಬೇರೆ ಬೇರೆ ಮನೆಗೆ ಹೋಗುವ ಕೇಳುಗರಿಗೆ ಈ ಕೊನೆಯ ಭಯವಿಲ್ಲ, ಹಾಸ್ಟೆಲಿನವರಿಗೆ ಇದೆ.

ಶೈಕ್ಷಣಿಕ ಸೆಮಿನಾರ್‌ಗಳನ್ನು ಹಲವು ದೇಶಗಳಲ್ಲಿ ಗಮನಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ ಪ್ರಶ್ನೆ ಗಂಡಸರಿಂದ ಬಂದಾಗ ಮಹಿಳೆಯರು ಕೇಳುವ ಪ್ರಶ್ನೆಗಳ ಪಾಲು ಕಡಿಮೆ ಇತ್ತು. ಮೊದಲ ದನಿ ಯಾರದು ಎಂಬುದಕ್ಕೂ ಮುಂದಿನ ಸರದಿಗೂ ನಂಟಿದೆ ಎಂದಾಯಿತು. ಮಹಿಳಾ ಕಾಲೇಜಿನಲ್ಲಿ ಆ ಜಾಗಕ್ಕೆ ಅಧ್ಯಾಪಕರು ಬಂದು ಕೂರುತ್ತಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮೊದಲು ಕೇಳುತ್ತಾರೆ, ಆದರೆ ಅವರ ಅಚ್ಚುಕಟ್ಟಾದ ಪ್ರಶ್ನೆ ಕೇಳಿದ ಮೇಲೆ ಮೊದಲ ವರ್ಷದವಳು ತನ್ನದನ್ನು ನುಂಗಿಕೊಳ್ಳುತ್ತಾಳೆ. ಆದ್ದರಿಂದ ‘ಮೊದಲ ಮೂರು ಪ್ರಶ್ನೆ ವಿದ್ಯಾರ್ಥಿನಿಯರಿಂದ’ ಎಂದು ನಡೆಸಿಕೊಡುವವಳು ಘೋಷಿಸಲಿ.

ನಡೆಸುವ ಕ್ರಮ: ಉಪನ್ಯಾಸ ಮುಗಿದ ಕೂಡಲೇ ಪ್ರಶ್ನೆ ಕೇಳಬೇಡಿ. ‘ಎರಡು ನಿಮಿಷ ಪಕ್ಕದವರ ಜೊತೆ ಮಾತನಾಡಿಕೊಳ್ಳಿ, ಯಾವ ಮಾತು ಒಪ್ಪಿಗೆಯಾಗಲಿಲ್ಲ ಹೇಳಿ’ ಎನ್ನಿ. ಸಭಾಂಗಣ ಗಿಜಿಗುಡುತ್ತದೆ. ಅಷ್ಟರಲ್ಲಿ ಪ್ರತಿ ಸಾಲಿನಿಂದ ಚೀಟಿ ಸಂಗ್ರಹಿಸಿ. ಚೀಟಿಯಲ್ಲಿ ಹೆಸರು ಬೇಡ. ಮೊದಲು ಎರಡು ಚೀಟಿ ಓದಿ, ಆಮೇಲೆ ಕೈ ಎತ್ತಿದವರಿಗೆ ಮೈಕ್ ಕೊಡಿ. ಮೈಕನ್ನು ನೀವೇ ಅವಳ ಬಳಿಗೆ ಒಯ್ಯಿರಿ, ಅವಳನ್ನು ಮೈಕಿನ ಬಳಿಗೆ ನಡೆಸಬೇಡಿ.

ಚೀಟಿ ಆರಿಸುವವಳು ಅತಿಥಿಯ ಮದುವೆ, ವಯಸ್ಸು, ಮಕ್ಕಳ ವಿಚಾರದ ಪ್ರಶ್ನೆಗಳನ್ನು ತೆಗೆದಿಡಲಿ, ಅಭಿಪ್ರಾಯಭೇದದವನ್ನು ತೆಗೆದಿಡದಿರಲಿ. ‘ನಿಮ್ಮ ಮಾತು ನನಗೆ ಸರಿಯೆನಿಸಲಿಲ್ಲ, ಯಾಕೆಂದರೆ’ ಎಂದು ಶುರುವಾಗುವ ಚೀಟಿಯೇ ಆ ಸಂಜೆಯ ಒಳ್ಳೆಯ ಚೀಟಿ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಶುರುಮಾಡಿದವರನ್ನು ಒಂದು ನಿಮಿಷದ ಮೇಲೆ ‘ಹಾಗಾದರೆ ನಿಮ್ಮ ಪ್ರಶ್ನೆ?’ ಎಂದು ನಿಲ್ಲಿಸಬೇಕು.

ಹಿಂಸೆ, ಕಿರುಕುಳ, ಆತ್ಮಹತ್ಯೆಯಂಥ ವಿಷಯ ಬರುವ ಉಪನ್ಯಾಸವಾದರೆ ಭಿತ್ತಿಪತ್ರದಲ್ಲೂ ಆರಂಭದಲ್ಲೂ ತಿಳಿಸಿ. ಯಾರನ್ನೂ ಕೇಳದೆ ಎದ್ದು ಹೊರಗೆ ಹೋಗಬಹುದು ಎಂದು ಹೇಳಿ, ಬಾಗಿಲ ಬಳಿ ಒಬ್ಬ ಹಿರಿಯ ವಿದ್ಯಾರ್ಥಿನಿ ಅಥವಾ ಆಪ್ತ ಸಮಾಲೋಚಕಿ ಇರುವಂತೆ ನೋಡಿಕೊಳ್ಳಿ. ತನ್ನದೇ ಅನುಭವ ಹೇಳಲು ಯಾರಾದರೂ ಎದ್ದರೆ ಫೋನು ಎತ್ತಿ ಮುದ್ರಿಸುವವರನ್ನು ಆ ಕ್ಷಣವೇ ತಡೆಯಿರಿ.

ಅತಿಥಿಗೆ ಬಿಡುವಿದ್ದರೆ ಆಮೇಲೆ ಮೆಸ್‌ನಲ್ಲೇ ಊಟಕ್ಕೆ ಕೂರಿಸಿ. ಅವರ ಮೇಜಿಗೆ ಎಂಟು ಹುಡುಗಿಯರು, ಸಮಿತಿಯವರಲ್ಲ, ಚೀಟಿ ಎತ್ತಿ ಆರಿಸಿದವರು. ಸಭಾಂಗಣದಲ್ಲಿ ಬಾಯಿ ಬಿಡದವರು ಇಲ್ಲಿ ಗಂಟೆಗಟ್ಟಲೆ ಮಾತನಾಡುತ್ತಾರೆ. ಅತಿಥಿಯನ್ನು ಗೇಟಿನವರೆಗೆ ಇಬ್ಬರು ಬಿಟ್ಟು ಬನ್ನಿ, ತಲುಪಿದ ಸುದ್ದಿ ಕೇಳಿ.

10. ಮಾರನೆಯ ದಿನ

24 ಗಂಟೆಯೊಳಗೆ ಧನ್ಯವಾದ ಪತ್ರ ಹೋಗಲಿ, ಚೀಟಿಗಳಲ್ಲಿ ಉತ್ತರ ಸಿಗದೆ ಉಳಿದ ಮೂರು ಪ್ರಶ್ನೆಗಳನ್ನೂ ಅದರಲ್ಲಿ ಸೇರಿಸಿ. ಪ್ರಯಾಣ ವೆಚ್ಚವನ್ನು ಆ ಸಂಜೆಯೇ ಲಕೋಟೆಯಲ್ಲಿ ಕೊಟ್ಟಿರಬೇಕು. ಇಲ್ಲವಾದರೆ ಹಣ ಯಾವ ದಿನ ಬರುತ್ತದೆ ಎಂದು ಬರೆದು ತಿಳಿಸಿ, ಆ ದಿನ ನೀವೇ ಕಚೇರಿಗೆ ಹೋಗಿ ವಿಚಾರಿಸಿ. ರಸೀದಿಗಳನ್ನು ಒಂದು ಹಾಳೆಗೆ ಅಂಟಿಸಿ, ಖರ್ಚು ಮಾಡಿದವಳಲ್ಲದೆ ಇನ್ನೊಬ್ಬಳೂ ಸಹಿ ಹಾಕಿ ವಾರದೊಳಗೆ ಒಪ್ಪಿಸಿ. ತಿಂಗಳು ಬಿಟ್ಟರೆ ರಸೀದಿ ಕಳೆದಿರುತ್ತದೆ, ನಿಮ್ಮ ಕೈಯಿಂದ ಹೋದ ಹಣ ಹೋಗಿಯೇಬಿಡುತ್ತದೆ.

ಒಂದು ದಪ್ಪ ರಟ್ಟಿನ ದಾಖಲೆ ಪುಸ್ತಕ ಇಡಿ. ವಿಷಯ, ದಿನ, ಪತ್ರ ಕಳಿಸಿದ ಮತ್ತು ಉತ್ತರ ಬಂದ ದಿನಾಂಕ, ಶುರುವಾಗಿ 20 ನಿಮಿಷಕ್ಕೆ ಎಣಿಸಿದ ತಲೆಗಳ ಸಂಖ್ಯೆ, ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯರ ಸಂಖ್ಯೆ, ಖರ್ಚು, ಕೈಕೊಟ್ಟ ವಸ್ತುಗಳು ಅದರಲ್ಲಿರಲಿ. ‘ಕಾರ್ಯಕ್ರಮ ಯಶಸ್ವಿಯಾಯಿತು’ ಎಂಬ ಸಾಲು ಬೇಡ. ‘ವೇದಿಕೆಯ ಎಡಗಡೆ ಎರಡನೆಯ ಸಾಕೆಟ್ ಸಡಿಲ, ಪ್ಲಗ್ ನಿಲ್ಲುವುದಿಲ್ಲ’, ‘ಸಭಾಂಗಣದ ಬೀಗದ ಕೈ ಸಂಜೆ ಐದರ ಮೇಲೆ ಗ್ರಂಥಾಲಯದವರ ಬಳಿ ಇರುತ್ತದೆ’ ಎಂಬ ಸಾಲುಗಳು ಬೇಕು. ಅತಿಥಿಯ ಫೋನ್ ಸಂಖ್ಯೆಯನ್ನು ಅವರು ಒಪ್ಪಿದ್ದರೆ ಮಾತ್ರ ಬರೆಯಿರಿ.

ಪುಸ್ತಕವನ್ನು ಹೊಸ ಸಮಿತಿಗೆ ಕೊಡುವ ಕೆಲಸ ಅಂತಿಮ ಪರೀಕ್ಷೆಗೆ ಒಂದು ತಿಂಗಳು ಇರುವಾಗಲೇ ಮುಗಿಯಬೇಕು. ವರ್ಷದ ಕೊನೆಯ ಉಪನ್ಯಾಸವನ್ನು ಹೊಸಬರೇ ನಡೆಸಲಿ, ಹಳಬರು ಕೊನೆಯ ಸಾಲಿನಲ್ಲಿ ಕೂತಿರಲಿ. ಪರೀಕ್ಷೆ ಮುಗಿದ ಮೇಲೆ ಮಾಡೋಣ ಎಂದು ಬಿಟ್ಟರೆ ಕೊನೆಯ ವರ್ಷದವರು ಗಂಟುಮೂಟೆ ಕಟ್ಟಿಕೊಂಡು ಹೊರಟಿರುತ್ತಾರೆ, ಪುಸ್ತಕವೂ ಯಾವುದೋ ಟ್ರಂಕಿನಲ್ಲಿ ಊರು ಸೇರಿರುತ್ತದೆ.